ಬದುಕಿರುವವರ ಬಗ್ಗೆ ಬರೆಯುವ ಮುನ್ನ

ಮನಗೂಳಿಯಲ್ಲೇ ಕೂತು ನಮ್ಮ ಜಿಲ್ಲೆಯ ಗಣ್ಯರೊಬ್ಬರ ಬಗ್ಗೆ ವಿಕಿಪೀಡಿಯದಲ್ಲಿ ಬರೀಬೇಕು ಅಂತೀರಾ? ಖಂಡಿತ ಬರೀರಿ, ನಮ್ಮ ಕಡೆಯವರ ಪುಟಗಳು ಬೇಕೇ ಬೇಕು. ಆದರೆ ಬದುಕಿರುವವರ ವಿಷಯದಲ್ಲಿ ನಿಯಮ ಬಲು ಬಿಗಿ.

2018ರ ಜನವರಿ ನೆನಪಿಸಿಕೊಳ್ಳಿ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಹೆಸರು ಪದ್ಮಶ್ರೀ ಪಟ್ಟಿಯಲ್ಲಿತ್ತು. ಪಟ್ಟಿಯೊಂದನ್ನೇ ನೋಡಿದವರು ‘ಪದ್ಮಶ್ರೀ ಪುರಸ್ಕೃತರು’ ಅಂತ ಬರೆದುಬಿಡ್ತಾರೆ. ಸ್ವಾಮೀಜಿ ಅದನ್ನು ವಿನಯದಿಂದ ನಿರಾಕರಿಸಿದ್ದರು! ಮುಂದಿನ ದಿನಗಳ ಪತ್ರಿಕೆ ಓದಿದವರಿಗಷ್ಟೇ ಪೂರ್ತಿ ಸಂಗತಿ ಸಿಗುತ್ತೆ.

ಇನ್ನು ಆರೋಪಗಳು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಕೆನಡಿ ಹತ್ಯೆಯಲ್ಲಿ ಇವರ ಮೇಲೂ ಸಂಶಯವಿತ್ತು ಅಂತ ಯಾರೋ ಸುಳ್ಳು ಸೇರಿಸಿದರು. ತಿಂಗಳುಗಟ್ಟಲೆ ಅದು ಹಾಗೇ ಇತ್ತು. ಆಮೇಲೆ ಬಂತು ಕಟ್ಟುನಿಟ್ಟಿನ ನಿಯಮ: ಆಧಾರವಿಲ್ಲದ ವಿವಾದಿತ ಸಾಲನ್ನು ಚರ್ಚೆಗೆ ಕಾಯದೆ ತಕ್ಷಣ ತೆಗೀಬೇಕು. ಹೊಗಳಿಕೆಗೂ ಇದೇ ನಿಯಮ.

ವಾಟ್ಸಾಪ್ ಫಾರ್ವರ್ಡ್, ಅಭಿಮಾನಿಗಳ ಬ್ಯಾನರ್ ಆಧಾರ ಅಲ್ಲ. ಸಂಪಾದಕರು ಪರಿಶೀಲಿಸಿದ ಪತ್ರಿಕೆ, ಒಳ್ಳೆಯ ಪ್ರಕಾಶಕರ ಪುಸ್ತಕ ಆಗುತ್ತೆ. ಮನೆ ವಿಳಾಸ, ಫೋನ್ ನಂಬರ್ ಹಾಕಲೇಬೇಡಿ. ಜಿಲ್ಲಾ ಪುಟದ ಸುದ್ದಿ ಇಂಟರ್‌ನೆಟ್‌ನಲ್ಲಿ ಇಲ್ಲವಾ? ಚಿಂತೆ ಬೇಡ. ಪತ್ರಿಕೆಯ ಹೆಸರು, ಶೀರ್ಷಿಕೆ, ದಿನಾಂಕ, ಪುಟಸಂಖ್ಯೆ ಕೊಡಿ, ಅಚ್ಚಿನ ಪ್ರತಿಯೂ ಆಧಾರವೇ.