ಬುಟ್ಟಿ ಇಳಿದರೆ ಅಂತಸ್ತು ಏರಿತೇ?

ನಿಮ್ಮದು ಯಾವ ವರ್ಗವೆಂದು ಕೇಳಿದರೆ ನಮ್ಮಲ್ಲಿ ಅನೇಕರ ಉತ್ತರ ‘ಮಧ್ಯಮ ವರ್ಗ’. ವರಮಾನ, ವಿದ್ಯೆ, ಆಸ್ತಿಗಳೇ ಇದಕ್ಕೆ ಆಧಾರವೆಂಬುದು ಅರ್ಥಶಾಸ್ತ್ರ ಓದಿದವರ ನಂಬಿಕೆ. ಆದರೆ ಮನೆಯ ಹೆಣ್ಣು ಯಾವ ಕೆಲಸ ಮಾಡುತ್ತಾಳೆ, ಯಾವುದನ್ನು ಮಾಡುವುದಿಲ್ಲ ಎಂಬುದೂ ಅಂತಸ್ತಿನ ಅಳತೆಗೋಲೇ ಆಗಿದೆ.

ಸದಾಶಿವಗಡದಿಂದ ಅಂಕೋಲೆಯವರೆಗಿನ ಕರಾವಳಿಯನ್ನೇ ನೋಡಿ. ಕಾಳಿ ನದಿಯಾಚೆ ಕಾರವಾರದ ಪೇಟೆಯಲ್ಲಿ ಮೀನು ಮಾರುವವರು ಹೆಚ್ಚಾಗಿ ಹೆಂಗಸರು. ಅಂಕೋಲೆಯಲ್ಲಿ ತರಕಾರಿ, ಕರಿ ಇಶಾಡು ಮಾವು ಮಾರುವವರಲ್ಲಿ ಹಾಲಕ್ಕಿ ಒಕ್ಕಲಿಗ ಮಹಿಳೆಯರು ಎದ್ದು ಕಾಣುತ್ತಾರೆ. ದರ ಹೇಳುವುದು, ಚೌಕಾಶಿ ಮಾಡುವುದು, ಉದ್ರಿಯ ಲೆಕ್ಕವಿಡುವುದು ಎಲ್ಲವೂ ಅವರದೇ. ಆದರೆ ಮಗನಿಗೆ ಸರ್ಕಾರಿ ನೌಕರಿಯೋ ಗೋವೆಯಲ್ಲಿ ಒಳ್ಳೆಯ ಕೆಲಸವೋ ದೊರೆತರೆ ತಾಯಿಯ ತಲೆಯ ಮೇಲಿನ ಬುಟ್ಟಿ ಇಳಿಯಬೇಕೆಂಬ ಒತ್ತಾಯ ಶುರುವಾಗುತ್ತದೆ. ಅದೇ ಮನೆಯ ಸೊಸೆ ಶಿಕ್ಷಕಿಯಾಗಿ ಹೊರಟರೆ ಮರ್ಯಾದೆಗೆ ಕುಂದಿಲ್ಲ! ಬೀದಿಯಲ್ಲಿ ಕಾಣುವ ದುಡಿಮೆಗೆ ಮಾತ್ರ ಆಕ್ಷೇಪ.

ಜಾತಿಯ ಏಣಿಯಲ್ಲಿ ಮೇಲೇರುವ ಸಮುದಾಯಗಳು ಹೆಣ್ಣಿನ ಮೇಲೆ ನಿರ್ಬಂಧಗಳನ್ನು ಬಿಗಿಗೊಳಿಸುವುದನ್ನು ಎಂ.ಎನ್. ಶ್ರೀನಿವಾಸ್ ಗುರುತಿಸಿದ್ದರು. ಇದು ನಮ್ಮ ದೇಶಕ್ಕೆ ಸೀಮಿತವಾದ ಮನೋಭಾವವೂ ಅಲ್ಲ. ಕುಟುಂಬದ ವರ್ಗವನ್ನು ಮುಖ್ಯವಾಗಿ ಗಂಡನ ಉದ್ಯೋಗದಿಂದಲೇ ಅಳೆಯಬೇಕೆಂದು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾನ್ ಗೋಲ್ಡ್‌ಥಾರ್ಪ್ 1983ರಲ್ಲಿ ವಾದಿಸಿದ್ದರು. ದುಡಿಯುವ ಗೃಹಿಣಿಯರನ್ನು ಕುರಿತ ಅಮೆರಿಕದ 1988ರ ಅಧ್ಯಯನವೊಂದು ಇದಕ್ಕೆ ಇನ್ನೊಂದು ಮುಖ ತೋರಿಸಿತು: ಹಳೆಯ ಕಟ್ಟಳೆಗಳನ್ನು ಒಪ್ಪಿದವರು ಗಂಡನ ಸ್ಥಾನದಿಂದಲೇ ತಮ್ಮ ವರ್ಗವನ್ನು ಗುರುತಿಸಿಕೊಳ್ಳುತ್ತಿದ್ದರು, ಸಮಾನತೆಯನ್ನು ನಂಬಿದವರು ಸ್ವಂತ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ದಶಕಗಳ ಕಾಲ ಮೀನು ಮಾರಿ ಮನೆ ನಡೆಸಿದ ತಾಯಿಯೂ ತನ್ನ ಸಂಸಾರದ ಗೌರವವನ್ನು ಮಗನ ನೌಕರಿಯಲ್ಲೇ ಕಾಣುವುದು ಇದೇ ಕಾರಣದಿಂದ.

ತಲೆಹೊರೆ ಇಳಿಯಬೇಕು, ನಿಜ. ಮುಪ್ಪಿನಲ್ಲಿ ವಿಶ್ರಾಂತಿ ಬೇಡವೆಂದವರಾರು? ಆದರೆ ಬುಟ್ಟಿಯೊಂದಿಗೆ ಆಕೆಯ ಕೈಕಾಸೂ ಹೋಗುತ್ತದೆ. ನಿನ್ನೆಯವರೆಗೆ ಮೊಮ್ಮಕ್ಕಳ ಶಾಲಾ ಶುಲ್ಕ ತೆತ್ತವಳು ಇಂದು ಔಷಧಿಗೂ ಮಗನ ಮುಂದೆ ಕೈಚಾಚಬೇಕು. ಅಂತಸ್ತು ಏರಿದ್ದು ಮನೆಗೆ; ಕುಸಿದದ್ದು ಅವಳ ಮಾತಿನ ತೂಕ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆಯೆಂದು ಮಾನ್ಯ ಮಾಡಿತು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮಾಸಿಕ 2,000 ರೂಪಾಯಿಯನ್ನು ಯಜಮಾನಿಯ ಖಾತೆಗೇ ಹಾಕುವಂತೆ ರೂಪುಗೊಂಡಿತು. ಕಾಗದದ ಮೇಲಿನ ಈ ಯಜಮಾನಿಕೆ ಬದುಕಿನಲ್ಲೂ ಉಳಿಯಬೇಕಾದರೆ ಆಕೆಯ ವ್ಯಾಪಾರಕ್ಕೆ ನೆರಳು, ನೀರು, ಶೌಚಾಲಯವಿರುವ ಕಟ್ಟೆ ಬೇಕು. ಮೀನಿಗೆ ಮಂಜುಗಡ್ಡೆ, ಊರಿನಿಂದ ಪೇಟೆಗೆ ವಾಹನ ಬೇಕು. ಅದು ಪುರಸಭೆ, ನಗರಸಭೆಗಳ ಹೊಣೆ. ತಾಯಿ ಮೀನು ಮಾರುತ್ತಾಳೆಂದು ತಲೆ ತಗ್ಗಿಸದೆ ಹೇಳುವುದು ಮಾತ್ರ ಮಕ್ಕಳ ಹೊಣೆ.