ಹಳೆಯ ಹೂಬಳ್ಳಿಗೆ ಇಂದಿಗೂ ಬೇಡಿಕೆ: ವಿಲಿಯಂ ಮಾರಿಸ್‌ನ ಅಲಂಕಾರಿಕ ಕಾಗದಗಳು

ಲಗ್ನಪತ್ರಿಕೆ, ಸಿಹಿತಿಂಡಿಯ ಪೆಟ್ಟಿಗೆ, ಉಡುಗೊರೆ ಸುತ್ತುವ ಕಾಗದ, ದಿನಚರಿ ಪುಸ್ತಕದ ಹೊದಿಕೆ ಮೊದಲಾದವುಗಳನ್ನು ತಯಾರಿಸುವ ಮುದ್ರಕರಿಗೆ ‘ಹಳೆಯ ಕಾಲದ ಹೂವಿನ ಚಿತ್ತಾರ ಬೇಕು’ ಎನ್ನುವ ಗ್ರಾಹಕರು ಅಪರೂಪವೇನಲ್ಲ. ಅಂತಹ ಚಿತ್ತಾರಗಳ ಬೆನ್ನು ಹತ್ತಿ ಹೋದರೆ ಹಲವು ಬಾರಿ ಇಂಗ್ಲೆಂಡಿನ ವಿಲಿಯಂ ಮಾರಿಸ್‌ನ (1834–1896) ಗೋಡೆ ಕಾಗದಗಳನ್ನು ತಲುಪಬೇಕಾಗುತ್ತದೆ.

ಮಾರಿಸ್ ಕವಿಯೂ ಸಮಾಜವಾದಿಯೂ ಆಗಿದ್ದನು. ಜೊತೆಗೆ ವ್ಯಾಪಾರಿಯೂ ಹೌದು. 1861ರಲ್ಲಿ ಪಾಲುದಾರರೊಡನೆ ಸಂಸ್ಥೆಯನ್ನು ಆರಂಭಿಸಿ, ಮರುವರ್ಷವೇ ‘ಟ್ರೆಲಿಸ್’ ಎಂಬ ಮೊದಲ ಗೋಡೆ ಕಾಗದದ ವಿನ್ಯಾಸವನ್ನು ರಚಿಸಿದನು. ಮನೆಯ ತೋಟದ ಹಂದರಕ್ಕೆ ಹಬ್ಬಿದ ಗುಲಾಬಿ ಬಳ್ಳಿಯೇ ಅದರ ಪ್ರೇರಣೆ. ಅದರಲ್ಲಿರುವ ಹಕ್ಕಿಗಳನ್ನು ಬರೆದವನು ಮಾತ್ರ ಅವನ ಮಿತ್ರ, ವಾಸ್ತುಶಿಲ್ಪಿ ಫಿಲಿಪ್ ವೆಬ್. ‘ಡೈಸಿ’ ವಿನ್ಯಾಸದ ಹೂಗೊಂಚಲುಗಳು ಮಧ್ಯಯುಗದ ಹಸ್ತಪ್ರತಿಯೊಂದರ ಚಿತ್ರದಲ್ಲಿ ಕಂಡ ಗೋಡೆ ಪರದೆಯಿಂದ ಬಂದವು. ಇಂದು ನಾವು ಪುರಾತನವೆಂದು ಮೆಚ್ಚುವ ವಿನ್ಯಾಸಕಾರನೂ ತನಗಿಂತ ಪುರಾತನವಾದುದನ್ನು ಮೆಚ್ಚಿ ಕಲಿತವನೇ.

ಸತುವಿನ ತಗಡುಗಳಿಂದ ತಾನೇ ಮುದ್ರಿಸುವ ಪ್ರಯತ್ನ ಕೈಗೂಡಲಿಲ್ಲ. ಮಾರಿಸ್ ಹಟ ಹಿಡಿಯದೆ ಮುದ್ರಣವನ್ನು ಲಂಡನ್ನಿನ ಜೆಫ್ರಿ ಆಂಡ್ ಕಂಪನಿಗೆ ಒಪ್ಪಿಸಿದನು. ಅಲ್ಲಿ ಪಿಯರ್ ಮರದ ಅಚ್ಚುಗಳನ್ನು ಬಣ್ಣದಲ್ಲಿ ಅದ್ದಿ ಕೈಯಿಂದಲೇ ಒತ್ತಲಾಗುತ್ತಿತ್ತು. ಒಂದು ಬಣ್ಣ ಒಣಗಿದ ಬಳಿಕವೇ ಮತ್ತೊಂದು. 1875ರ ‘ಅಕ್ಯಾಂಥಸ್’ ವಿನ್ಯಾಸಕ್ಕೆ 15 ಬಣ್ಣಗಳೂ 30 ಅಚ್ಚುಗಳೂ ಬೇಕಾದವು. ಯಂತ್ರದಲ್ಲಿ ಅಚ್ಚಾದ ಅಗ್ಗದ ಕಾಗದ ಆಗಲೇ ಮಾರುಕಟ್ಟೆಯಲ್ಲಿದ್ದುದರಿಂದ, ಇಷ್ಟು ದುಬಾರಿ ಸರಕನ್ನು ಕೊಳ್ಳುವವರು ಬಹುಮಟ್ಟಿಗೆ ಸಿರಿವಂತರೇ ಆಗಿದ್ದರು. ಎಲ್ಲರಿಗೂ ಕಲೆ ದಕ್ಕಬೇಕೆಂದ ಸಮಾಜವಾದಿಗೆ ಇದು ಹಿತವಾದ ಸಂಗತಿಯಾಗಿರಲಿಕ್ಕಿಲ್ಲ.

ಈ ಕಾಗದಗಳ ಗುಣವನ್ನು ಅರಿಯಬೇಕಾದರೆ ಹೂವನ್ನಲ್ಲ, ಹೂವಿನ ನಡುವಣ ಜಾಗವನ್ನು ನೋಡಬೇಕು. ಸಾಧಾರಣ ವಿನ್ಯಾಸದಲ್ಲಿ ಹೂಗೊಂಚಲು ಎಲ್ಲಿ ಮರುಕಳಿಸುತ್ತದೆಂಬುದು ಮೊದಲ ನೋಟಕ್ಕೇ ತಿಳಿದು ಕಣ್ಣು ದಣಿಯುತ್ತದೆ. ಮಾರಿಸ್‌ನಲ್ಲಿ ಬಳ್ಳಿ ಬಾಗಿ, ಒಂದು ಎಲೆಯ ಹಿಂದೆ ಮರೆಯಾಗಿ, ಪಕ್ಕದ ಚೌಕದಲ್ಲಿ ತಲೆ ಎತ್ತುತ್ತದೆ. ಹಿನ್ನೆಲೆಯಲ್ಲಿಯೂ ಸಣ್ಣ ಎಲೆಗಳ ಇನ್ನೊಂದು ಪದರವಿರುವುದರಿಂದ ಜೋಡಣೆಯ ಅಂಚು ಕಾಣುವುದಿಲ್ಲ. 1887ರ ‘ವಿಲೋ ಬೌ’ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಕುಗ್ಗಿಸಿ ಸಣ್ಣ ಪೆಟ್ಟಿಗೆಗೆ ಹೊಂದಿಸುವವರು ಈ ಹಿನ್ನೆಲೆಯ ಪದರವನ್ನೇ ಮೊದಲು ಕಳೆದುಕೊಳ್ಳುತ್ತಾರೆ. ಉಳಿಯುವುದು ಗಿಜಿಗಿಜಿ ಮಾತ್ರ.

ಬಣ್ಣದ ಕಥೆ ಅಷ್ಟು ಸುಂದರವಲ್ಲ. ಆರಂಭದ ‘ಟ್ರೆಲಿಸ್’ ಕಾಗದದ ತುಣುಕೊಂದನ್ನು ಪರೀಕ್ಷಿಸಿದ ವಿಜ್ಞಾನಿ ಆಂಡ್ರ್ಯೂ ಮೆಹಾರ್ಗ್, ಅದರ ಹಸಿರಿನಲ್ಲಿ ಆರ್ಸೆನಿಕ್ ಇದ್ದುದನ್ನು 2003ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ಉತ್ಪಾದಿಸುತ್ತಿದ್ದ ಗಣಿ ಕಂಪನಿಯೊಂದರಲ್ಲಿ ಮಾರಿಸ್‌ಗೆ ಷೇರುಗಳಿದ್ದವು. ಹಳೆಯ ವಿನ್ಯಾಸವನ್ನು ಅನುಸರಿಸಬಹುದು, ಹಳೆಯ ಬಣ್ಣವನ್ನಲ್ಲ.

ಮೂಲ ಸಂಸ್ಥೆ 1940ರಲ್ಲಿ ಮುಚ್ಚಿತು. ಗೋಡೆ ಕಾಗದದ ವ್ಯವಹಾರವನ್ನು ಸ್ಯಾಂಡರ್ಸನ್ ಸಂಸ್ಥೆ ಕೊಂಡುಕೊಂಡಿತು. ‘ಮಾರಿಸ್ ಆಂಡ್ ಕಂಪನಿ’ ಹೆಸರು ಇಂದಿಗೂ ಜೀವಂತವಾಗಿದ್ದು, 2018ರಲ್ಲಿ ಎಚ್ ಆಂಡ್ ಎಂ ಉಡುಪು ಸಂಸ್ಥೆಯೂ ಅದರೊಡನೆ ಕೈಜೋಡಿಸಿ ಉಡುಪುಗಳನ್ನು ಹೊರತಂದಿತು. ಇಲ್ಲಿ ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಭಾರತದ ಕಾನೂನಿನಂತೆ ಕಲಾಕೃತಿಯ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ. ಮಾರಿಸ್‌ನ ಮೂಲ ವಿನ್ಯಾಸಗಳ ಅವಧಿ ಎಂದೋ ಮುಗಿದಿದೆ. ಆದರೆ ಸಂಸ್ಥೆಯ ಹೆಸರನ್ನು ಸರಕಿನ ಮೇಲೆ ಬಳಸುವುದು, ಇತ್ತೀಚೆಗೆ ಬೇರೊಬ್ಬರು ಮಾರ್ಪಡಿಸಿ ಬರೆದ ಆವೃತ್ತಿಯನ್ನು ನಕಲು ಮಾಡುವುದು ಬೇರೆಯೇ ವಿಚಾರ. ಆದ್ದರಿಂದ ವಿನ್ಯಾಸ ಒದಗಿಸುವವರಿಂದ ಚಿತ್ರದ ಮೂಲವನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಇನ್ನೊಂದು ಮಾತು: 2000ದ ವಿನ್ಯಾಸ ಕಾಯಿದೆಯಡಿ ಹೊಸ ವಿನ್ಯಾಸಕ್ಕೆ 10 ವರ್ಷಗಳ, ನವೀಕರಿಸಿದರೆ ಮತ್ತೆ 5 ವರ್ಷಗಳ ರಕ್ಷಣೆ ಉಂಟು. ಈಗಾಗಲೇ ಪ್ರಕಟವಾದ ಹಳೆಯ ಚಿತ್ತಾರಕ್ಕೆ ಅದು ದೊರೆಯದು. ಅದೇ ಹೂಬಳ್ಳಿಯನ್ನು ನಾಳೆ ಎದುರಂಗಡಿಯವರೂ ಅಚ್ಚುಹಾಕಿಸಬಹುದು; ಆಗ ಬೆಲೆಯನ್ನು ಉಳಿಸಿಕೊಡುವುದು ಕಾಗದದ ಗುಣಮಟ್ಟ, ಬಣ್ಣಗಳ ಆಯ್ಕೆ ಮತ್ತು ಅಚ್ಚುಕಟ್ಟಾದ ಮುದ್ರಣ.