ಬೆಕ್ಕಿನ ಮರಿಗೆ ಒಂದೇ ಚುಚ್ಚುಮದ್ದು ಸಾಲದು

ಶಾಲೆಯಿಂದ ಬಂದ ಮಗಳ ಚೀಲದಿಂದ ಪುಸ್ತಕದ ಜತೆಗೆ ‘ಮಿಯಾಂವ್’ ಎಂಬ ದನಿಯೂ ಹೊರಬಿದ್ದರೆ ಅಮ್ಮನ ಮೊದಲ ಮಾತು, ‘ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ’. ಮಗಳ ಕಣ್ಣಲ್ಲಿ ನೀರು. ಕೊನೆಗೆ ‘ಸಾಕುವವರು ಯಾರಾದರೂ ಸಿಗುವ ತನಕ ಇರಲಿ’ ಎಂಬ ರಾಜಿ. ರಟ್ಟಿನ ಪೆಟ್ಟಿಗೆ, ಹಳೆಯ ಟವೆಲ್ಲು ಸಿದ್ಧವಾಗುತ್ತವೆ. ಒಂದು ಚುಚ್ಚುಮದ್ದು ಹಾಕಿಸಿದರೆ ಮುಗಿಯಿತು ಎಂದು ಮನೆಯವರು ನಿರಾಳರಾಗುತ್ತಾರೆ. ಎಡವುವುದು ಇಲ್ಲೇ.

ತಾಯಿ ಕೊಟ್ಟ ರಕ್ಷೆ

ಹುಟ್ಟಿದ ಮೊದಲ ದಿನ ಕುಡಿಯುವ ತಾಯಿಹಾಲಿನಿಂದ ಮರಿಗೆ ರೋಗ ತಡೆಯುವ ಪ್ರತಿಕಾಯಗಳು ಸಿಗುತ್ತವೆ. ಕೆಲವು ವಾರ ಅವೇ ಮರಿಯ ಕಾವಲು. ವಿಚಿತ್ರವೆಂದರೆ, ಅವು ಮೈಯಲ್ಲಿರುವಷ್ಟು ದಿನ ಲಸಿಕೆಯನ್ನೂ ಶತ್ರುವೆಂದು ಬಗೆದು ನಿಷ್ಫಲಗೊಳಿಸಬಹುದು. ಈ ರಕ್ಷೆ ಕೆಲವು ಮರಿಗಳಲ್ಲಿ ಬೇಗ ಕರಗುತ್ತದೆ, ಕೆಲವದರಲ್ಲಿ 16 ವಾರವಾದರೂ ಉಳಿದಿರುತ್ತದೆ. ಆ ಮೊದಲ ಹಾಲನ್ನೇ ಕಾಣದೆ ಬೀದಿಪಾಲಾದ ಮರಿಗೆ ಅದು ಇರುವುದೇ ಇಲ್ಲ. ಯಾವ ಚುಚ್ಚುಮದ್ದು ಫಲಿಸುತ್ತದೆಂದು ಹೊರಗಿನಿಂದ ತಿಳಿಯದ ಕಾರಣವೇ ಲಸಿಕೆಯನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ.

ಯಾವಾಗ, ಎಷ್ಟು ಸಲ?

ಪ್ಯಾನ್‌ಲ್ಯೂಕೋಪೀನಿಯಾ ಎಂಬ ಮಾರಕ ರೋಗ ಹಾಗೂ ಶೀತ ತರುವ ಎರಡು ವೈರಸ್‌ಗಳ ವಿರುದ್ಧ ಒಂದೇ ಸೂಜಿಯಲ್ಲಿ ಲಸಿಕೆ ಕೊಡುತ್ತಾರೆ. ಮನೆಯಲ್ಲೇ ಬೆಳೆಯುವ ಮರಿಗೆ 6ರಿಂದ 8 ವಾರಕ್ಕೆ ಆರಂಭಿಸಿ, 3–4 ವಾರಗಳಿಗೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ. ಹಲವು ಮರಿಗಳು ಬಂದುಹೋಗುವ ಆಶ್ರಯಗಳಲ್ಲಿ, ತಾತ್ಕಾಲಿಕವಾಗಿ ಸಾಕುವ ಮನೆಗಳಲ್ಲಿ ಅಪಾಯ ಹೆಚ್ಚು. ಅಲ್ಲಿ 4ರಿಂದ 6 ವಾರಕ್ಕೇ ಆರಂಭಿಸಿ, 2–3 ವಾರಗಳಿಗೊಮ್ಮೆ, 16ರಿಂದ 20 ವಾರದವರೆಗೆ. 4 ವಾರ ತುಂಬದ ಮರಿಗೆ ಈ ಲಸಿಕೆ ಸಲ್ಲದು. ಅನಂತರ ಆರು ತಿಂಗಳಿಂದ ವರ್ಷದೊಳಗೆ ಇನ್ನೊಂದು ಸಲ ಕೊಡಿಸಬೇಕು.

ಪ್ಯಾನ್‌ಲ್ಯೂಕೋಪೀನಿಯಾ ತಗುಲಿದ ಮರಿ ವಾಂತಿ, ಭೇದಿಯಿಂದ ಬಳಲಿ ಕೆಲವೇ ದಿನಗಳಲ್ಲಿ ಸಾಯಬಹುದು. ಅದರ ವೈರಸ್ ನೆಲ, ಬಟ್ಟೆಗಳಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು. ಆದ್ದರಿಂದ ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡುವುದು, ಅದರ ತಟ್ಟೆ, ಬಟ್ಟೆಗಳನ್ನು ಮನೆಯ ಬೆಕ್ಕಿಗೆ ಬಳಸದಿರುವುದು ಜಾಣತನ.

ಮಕ್ಕಳು ಮುಚ್ಚಿಡಬಾರದು

ರೇಬೀಸ್ ಲಸಿಕೆಗೆ ಸಾಮಾನ್ಯವಾಗಿ 12 ವಾರ ತುಂಬಬೇಕು. ವರ್ಷದ ಬಳಿಕ ಮತ್ತೊಮ್ಮೆ. ಬೀದಿಯಿಂದ ತಂದ ಮರಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ರೋಗಲಕ್ಷಣ ಕಾಣಿಸಿದ ಮೇಲೆ ರೇಬೀಸ್‌ನಿಂದ ಉಳಿಯುವುದು ತೀರಾ ಅಪರೂಪ. ‘ಮರಿಯನ್ನು ಹೊರಗೆ ಬಿಟ್ಟುಬಿಡುತ್ತಾರೆ’ ಎಂಬ ಹೆದರಿಕೆಯಿಂದ ಮಕ್ಕಳು ಗಾಯ ಮುಚ್ಚಿಡುವುದುಂಟು. ಬೈಯುವುದಿಲ್ಲ ಎಂಬ ಭರವಸೆಯನ್ನು ಅಪ್ಪ ಅಮ್ಮ ಮೊದಲ ದಿನವೇ ಕೊಡುವುದು ಒಳ್ಳೆಯದು.

ಮುಂದಿನ ಚುಚ್ಚುಮದ್ದಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಮರಿ ತಂದವರಿಗೇ ವಹಿಸಬಹುದು. ಸಾಕುವವರು ಸಿಕ್ಕಾಗ ಮರಿಯ ಜತೆ ಲಸಿಕೆಯ ಚೀಟಿಯನ್ನೂ ಕೊಟ್ಟು ಕಳಿಸಬೇಕು. ಬಾಕಿ ಉಳಿದ ಚುಚ್ಚುಮದ್ದು ಯಾವುದೆಂದು ಹೊಸ ಮನೆಯವರಿಗೆ ತಿಳಿಯುವುದು ಆ ಚೀಟಿಯಿಂದಲೇ.